ಮೊದಲು ಹಾಲ್ ಟಿಕೆಟ್, ಆಮೇಲೆ ಪರೀಕ್ಷೆ: ಹಲವು ಮಾಡ್ಯೂಲ್‌ಗಳ ಬಿಲ್ಡ್‌ನಲ್ಲಿ ಕೋಡ್ ಶೈಲಿಯ ತಪಾಸಣೆ

ಪ್ರಾಯೋಗಿಕ ಪರೀಕ್ಷೆಯ ದಿನ ಕಂಪ್ಯೂಟರ್ ಲ್ಯಾಬ್‌ನ ಬಾಗಿಲಲ್ಲಿ ಏನು ನಡೆಯುತ್ತದೆ ಎಂಬುದು ನಿಮಗೆಲ್ಲ ಗೊತ್ತು. ಹಾಲ್ ಟಿಕೆಟ್ ತಂದಿದ್ದೀರಾ, ರೆಕಾರ್ಡ್‌ಗೆ ಸಹಿ ಆಗಿದೆಯಾ ಎಂದು ಮೊದಲು ನೋಡುತ್ತಾರೆ. ಪ್ರಶ್ನೆ ಕೈಗೆ ಬರುವುದು ಆಮೇಲೆ. ಈ ಕ್ರಮವನ್ನು ಯಾರಾದರೂ ತಿರುಗಿಸಿದರು ಎಂದುಕೊಳ್ಳಿ. ಪ್ರೋಗ್ರಾಂ ಬರೆಸಿ, ಓಡಿಸಿ ತೋರಿಸಲು ಹೇಳಿ, ವೈವಾ ಕೂಡ ಮುಗಿಸಿ, ಕೊನೆಗೆ "ಹಾಲ್ ಟಿಕೆಟ್ ಎಲ್ಲಿ?" ಎಂದು ಕೇಳಿ ಹೊರಗೆ ಕಳಿಸಿದರೆ? ವಿದ್ಯಾರ್ಥಿಯ ಶ್ರಮವೂ ಹೋಯಿತು, ಪರೀಕ್ಷಕರ ಸಮಯವೂ ಹೋಯಿತು. ಎರಡು ನಿಮಿಷದ ತಪಾಸಣೆಯನ್ನು ಕೊನೆಗೆ ಇಟ್ಟಿದ್ದಷ್ಟೇ ಇಲ್ಲಿನ ದೋಷ.

ದೊಡ್ಡ ತಂತ್ರಾಂಶಗಳನ್ನು ಕಟ್ಟುವಾಗ ಇಂಥ ತಿರುಗುಮುರುಗು ಕ್ರಮ ಅಪರೂಪವಲ್ಲ. ಅದನ್ನು ಸರಿಮಾಡುವ ಬಗೆ ಹೇಗೆ, ಸರಿಮಾಡಿದೆವು ಅಂದುಕೊಂಡ ಮೇಲೂ ಅದು ಅರ್ಧ ಮಾತ್ರ ಸರಿಯಾಗಿರುವುದು ಏಕೆ ಎಂಬುದು ಈ ಪಾಠದ ವಿಷಯ. ಉದಾಹರಣೆಗೆ ಜಾವಾ ಭಾಷೆ, ಮೇವನ್ ಎಂಬ ಬಿಲ್ಡ್ ಸಾಧನ ಮತ್ತು ಚೆಕ್‌ಸ್ಟೈಲ್ ಎಂಬ ತಪಾಸಣಾ ಸಾಧನವನ್ನು ತೆಗೆದುಕೊಳ್ಳೋಣ. ಪದವಿಗೆ ಹೋದ ಮೇಲೆ, ಅಥವಾ ಯಾವುದಾದರೂ ಮುಕ್ತ ತಂತ್ರಾಂಶಕ್ಕೆ ಒಂದು ಚಿಕ್ಕ ತಿದ್ದುಪಡಿ ಕಳಿಸಲು ಹೊರಟಾಗ, ಈ ಮೂರೂ ಒಟ್ಟಿಗೆ ಎದುರಾಗುವ ಸಾಧ್ಯತೆ ಹೆಚ್ಚು.

ಶೈಲಿಯ ತಪಾಸಣೆ ಎಂದರೆ ಪ್ರೋಗ್ರಾಂ ಓಡುತ್ತದೆಯೇ ಇಲ್ಲವೇ ಎಂದು ನೋಡುವುದಲ್ಲ, ಓದುವಂತೆ ಬರೆದಿದ್ದಾರೆಯೇ ಎಂದು ನೋಡುವುದು. ಸಾಲು ವಿಪರೀತ ಉದ್ದವಾಗಿದೆಯೇ, ಹೆಸರುಗಳು ಒಂದೇ ಪದ್ಧತಿಯಲ್ಲಿವೆಯೇ, ‘ಇಫ್’ ಆದಮೇಲೆ ಬ್ರೇಸ್ ಹಾಕಿದ್ದಾರೆಯೇ, ಬಳಸದ ಇಂಪೋರ್ಟ್‌ಗಳು ಉಳಿದಿವೆಯೇ ಇತ್ಯಾದಿ. ಇಂಥ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ಪದ್ಧತಿ ಹಳೆಯದು. ಬೆಲ್ ಲ್ಯಾಬ್ಸ್‌ನಲ್ಲಿ ಸ್ಟೀಫನ್ ಜಾನ್ಸನ್ ಅವರು 1970ರ ದಶಕದ ಕೊನೆಯಲ್ಲಿ ಸಿ ಭಾಷೆಗಾಗಿ ‘ಲಿಂಟ್’ ಎಂಬ ಸಾಧನವನ್ನು ಬರೆದರು. ಲಿಂಟ್ ಎಂದರೆ ಬಟ್ಟೆಗೆ ಅಂಟಿಕೊಳ್ಳುವ ನೂಲಿನ ಸಣ್ಣ ಎಳೆಗಳು. ಬಟ್ಟೆ ಕೊಡವಿ ಎಳೆ ತೆಗೆದಂತೆ ಕೋಡಿನಿಂದ ಅನುಮಾನದ ಎಳೆಗಳನ್ನು ಹೆಕ್ಕುವುದು ಅದರ ಕೆಲಸವಾಗಿತ್ತು. ಜಾವಾಕ್ಕಾಗಿ ಚೆಕ್‌ಸ್ಟೈಲ್ ಅನ್ನು ಆಲಿವರ್ ಬರ್ನ್ ಅವರು 2001ರಲ್ಲಿ ಆರಂಭಿಸಿದರು.

"ಬ್ರೇಸ್ ಇದ್ದರೇನು, ಇಲ್ಲದಿದ್ದರೇನು, ಪ್ರೋಗ್ರಾಂ ಓಡಿದರೆ ಸಾಕಲ್ಲವೇ?" ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. 2014ರ ಫೆಬ್ರುವರಿಯಲ್ಲಿ ಆ್ಯಪಲ್ ಕಂಪನಿ ತನ್ನ ಫೋನ್‌ಗಳಿಗೆ ತುರ್ತಾಗಿ ಒಂದು ಭದ್ರತಾ ತಿದ್ದುಪಡಿಯನ್ನು ಬಿಡುಗಡೆ ಮಾಡಬೇಕಾಯಿತು. ಸುರಕ್ಷಿತ ಸಂಪರ್ಕವನ್ನು ಪರಿಶೀಲಿಸುವ ಸಿ ಕೋಡಿನಲ್ಲಿ ‘ಗೋಟು ಫೇಲ್’ ಎಂಬ ಸಾಲು ಒಂದರ ಕೆಳಗೆ ಒಂದು ಎರಡು ಸಲ ಬಂದಿತ್ತು. ಮೇಲಿದ್ದ ‘ಇಫ್’ಗೆ ಬ್ರೇಸ್ ಇರಲಿಲ್ಲ. ಹಾಗಾಗಿ ಮೊದಲನೆಯ ಸಾಲು ಮಾತ್ರ ಇಫ್‌ಗೆ ಸೇರಿತು. ಎರಡನೆಯದು ಯಾವ ಷರತ್ತೂ ಇಲ್ಲದೆ ಪ್ರತಿಸಲವೂ ಓಡಿತು. ಪರಿಣಾಮವಾಗಿ ಸಹಿಯನ್ನು ಪರಿಶೀಲಿಸುವ ಕೊನೆಯ ಹೆಜ್ಜೆ ತಪ್ಪಿಹೋಗಿ, "ಎಲ್ಲ ಸರಿ ಇದೆ" ಎಂಬ ಉತ್ತರ ಹೊರಬರುತ್ತಿತ್ತು. ಎರಡೂ ಸಾಲುಗಳನ್ನು ಒಂದೇ ಅಂತರ ಬಿಟ್ಟು ಒಳಗೆ ಸರಿಸಿ ಬರೆದಿದ್ದರಿಂದ ಕಣ್ಣಿಗೆ ಎರಡೂ ಇಫ್‌ನ ಒಳಗಿದ್ದಂತೆಯೇ ಕಂಡಿದ್ದವು. ಬ್ರೇಸ್ ಕಡ್ಡಾಯ ಎಂಬ ಶೈಲಿ ನಿಯಮ ಅಲ್ಲಿ ಜಾರಿಯಲ್ಲಿದ್ದಿದ್ದರೆ ತಪಾಸಕ ಆ ಜಾಗವನ್ನು ಎತ್ತಿ ತೋರಿಸುತ್ತಿತ್ತು. ಎಲ್ಲ ಶೈಲಿ ನಿಯಮಗಳೂ ಇಷ್ಟು ತೂಕದವಲ್ಲ, ಅದನ್ನೂ ಒಪ್ಪಬೇಕು. ಸಾಲಿನಲ್ಲಿ 80 ಅಕ್ಷರ ಇರಬೇಕೋ 120 ಇರಬೇಕೋ ಎಂಬ ಜಗಳ ಬಹುಮಟ್ಟಿಗೆ ರುಚಿಯ ಜಗಳ. ಆದರೆ ಆ ಜಗಳವನ್ನು ಮನುಷ್ಯರು ಪ್ರತಿ ತಿದ್ದುಪಡಿಯಲ್ಲೂ ಮಾಡದೆ, ಒಮ್ಮೆ ತೀರ್ಮಾನಿಸಿ ಯಂತ್ರಕ್ಕೆ ಬಿಡುವುದು ಒಳ್ಳೆಯದು. ಪರಿಶೀಲಿಸುವ ಹಿರಿಯರ ಗಮನ ತರ್ಕದ ಮೇಲೆ ಉಳಿಯುತ್ತದೆ.

ಈಗ ಬಿಲ್ಡ್‌ಗೆ ಬರೋಣ. ಮೂಲ ಕೋಡನ್ನು ಕಂಪೈಲ್ ಮಾಡಿ, ಪರೀಕ್ಷೆಗಳನ್ನು ಓಡಿಸಿ, ಬಳಸಲು ಸಿದ್ಧವಾದ ಪೊಟ್ಟಣವಾಗಿ ಕಟ್ಟುವ ಇಡೀ ಕೆಲಸಕ್ಕೆ ಬಿಲ್ಡ್ ಎನ್ನುತ್ತಾರೆ. ಮೇವನ್ ಈ ಕೆಲಸವನ್ನು ಹಂತಗಳಾಗಿ ವಿಂಗಡಿಸಿದೆ. ಅದರ ಮುಖ್ಯ ಜೀವನಚಕ್ರದಲ್ಲಿ ಒಟ್ಟು 23 ಹಂತಗಳಿವೆ. ನಾವು ನೆನಪಿಡಬೇಕಾದವು ಕೆಲವೇ: ಎಲ್ಲಕ್ಕಿಂತ ಮೊದಲು ‘ವ್ಯಾಲಿಡೇಟ್’, ನಂತರ ಕ್ರಮವಾಗಿ ‘ಕಂಪೈಲ್’, ‘ಟೆಸ್ಟ್’, ‘ಪ್ಯಾಕೇಜ್’, ‘ವೆರಿಫೈ’, ‘ಇನ್‌ಸ್ಟಾಲ್’, ‘ಡಿಪ್ಲಾಯ್’. ನೀವು ಒಂದು ಹಂತದ ಹೆಸರು ಹೇಳಿದರೆ ಅದರ ಹಿಂದಿನ ಎಲ್ಲ ಹಂತಗಳೂ ಸಾಲಾಗಿ ನಡೆಯುತ್ತವೆ. ‘ಎಂವಿಎನ್ ವೆರಿಫೈ’ ಎಂದು ಆಜ್ಞೆ ಕೊಟ್ಟರೆ ಕಂಪೈಲ್, ಟೆಸ್ಟ್, ಪ್ಯಾಕೇಜ್ ಎಲ್ಲವೂ ಆಗಿಯೇ ವೆರಿಫೈ ಬರುತ್ತದೆ.

ಮೇವನ್‌ಗೆ ಚೆಕ್‌ಸ್ಟೈಲ್ ಜೋಡಿಸುವ ಪ್ಲಗಿನ್‌ನಲ್ಲಿ ‘ಚೆಕ್’ ಎಂಬ ಕೆಲಸವಿದೆ. ತಪ್ಪು ಸಿಕ್ಕಿದರೆ ಬಿಲ್ಡನ್ನು ನಿಲ್ಲಿಸುವುದು ಇದೇ. ನೀವು ಬೇರೆ ಏನೂ ಹೇಳದಿದ್ದರೆ ಈ ಚೆಕ್ ಸೇರಿಕೊಳ್ಳುವುದು ವೆರಿಫೈ ಹಂತಕ್ಕೆ, ಅಂದರೆ ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ. ವೈವಾ ಆದಮೇಲೆ ಹಾಲ್ ಟಿಕೆಟ್ ಕೇಳುವುದು ಇದೇ.

ಇದನ್ನು ಮುಂದಕ್ಕೆ ತರಲು ತಾಂತ್ರಿಕವಾಗಿ ಏನೂ ಅಡ್ಡಿಯಿಲ್ಲ. ಚೆಕ್‌ಸ್ಟೈಲ್ ಮೂಲ ಕಡತವನ್ನು ಮಾತ್ರ ಓದುತ್ತದೆ. ಒಂದೊಂದು ಕಡತವನ್ನೂ ಪ್ರತ್ಯೇಕವಾಗಿ ಓದುತ್ತದೆ. ಕಂಪೈಲ್ ಆದ ಕ್ಲಾಸ್ ಕಡತಗಳು ಅದಕ್ಕೆ ಬೇಡ. ಬೇರೊಂದು ಕಡತದಲ್ಲಿ ಏನಿದೆ ಎಂಬುದನ್ನೂ ಅದು ನೋಡುವುದಿಲ್ಲ. ಇದು ಅದರ ಮಿತಿ, ಆದರೆ ಮೊದಲಿಗೆ ಓಡಿಸಲು ಇದೇ ಅನುಕೂಲ. ಹೋಲಿಕೆಗೆ ‘ಸ್ಪಾಟ್‌ಬಗ್ಸ್’ ಎಂಬ ಇನ್ನೊಂದು ಸಾಧನವನ್ನು ನೋಡಿ: ಅದು ಕಂಪೈಲ್ ಆದ ಬೈಟ್‌ಕೋಡನ್ನು ಓದಿ ದೋಷ ಹುಡುಕುತ್ತದೆ. ಹಾಗಾಗಿ ಅದನ್ನು ಕಂಪೈಲ್‌ಗಿಂತ ಮೊದಲು ತರಲು ಆಗುವುದೇ ಇಲ್ಲ. ಗ್ರೇಡಲ್ ಎಂಬ ಇನ್ನೊಂದು ಬಿಲ್ಡ್ ಸಾಧನದಲ್ಲಿ ಚೆಕ್‌ಸ್ಟೈಲ್ ಕೆಲಸವೂ ಸ್ವಯಂ ವ್ಯವಸ್ಥೆಯಲ್ಲಿ ಕಂಪೈಲ್ ಆದಮೇಲೆಯೇ ಬರುತ್ತದೆ ಎಂಬುದನ್ನು ಗಮನಿಸಿ.

ಹೀಗಾಗಿ ಅನೇಕ ತಂಡಗಳು ‘ಪಾಮ್’ ಕಡತದಲ್ಲಿ ಒಂದು ಸಾಲು ಸೇರಿಸಿ ಚೆಕ್ ಕೆಲಸವನ್ನು ವ್ಯಾಲಿಡೇಟ್ ಹಂತಕ್ಕೆ ಕಟ್ಟುತ್ತವೆ. ದತ್ತಾಂಶದ ಹರಿವನ್ನು ಸಂಸ್ಕರಿಸುವ ಅಪಾಚೆ ಫ್ಲಿಂಕ್ ಎಂಬ ಪ್ರಸಿದ್ಧ ಮುಕ್ತ ತಂತ್ರಾಂಶ ಹತ್ತಾರು ಮಾಡ್ಯೂಲ್‌ಗಳಿರುವ ಮೇವನ್ ಯೋಜನೆ. ಅದೂ ತನ್ನ ಚೆಕ್‌ಸ್ಟೈಲ್ ಅನ್ನು ವ್ಯಾಲಿಡೇಟ್ ಹಂತದಲ್ಲೇ ಇಟ್ಟಿದೆ. ಇದರಿಂದ ಇನ್ನೊಂದು ಲಾಭವೂ ಇದೆ. ಕೆಲವು ಯೋಜನೆಗಳಲ್ಲಿ ಬಿಲ್ಡ್ ನಡೆಯುವಾಗಲೇ ಸಾಧನಗಳು ಜಾವಾ ಕೋಡನ್ನು ತಾವೇ ಹುಟ್ಟಿಸುತ್ತವೆ. ವೆರಿಫೈ ಹೊತ್ತಿಗೆ ಆ ಕೋಡಿನ ಜಾಗವೂ ಮೂಲ ಕೋಡಿನ ಪಟ್ಟಿಗೆ ಸೇರಿರುತ್ತದೆ, ಯಾರೂ ಕೈಯಾರೆ ಬರೆಯದ ಕೋಡಿನ ಮೇಲೆ ನೂರಾರು ದೂರುಗಳು ಬರುತ್ತವೆ. ವ್ಯಾಲಿಡೇಟ್ ಹೊತ್ತಿಗೆ ಆ ಕೋಡು ಇನ್ನೂ ಹುಟ್ಟಿರುವುದಿಲ್ಲ, ತಪಾಸಣೆ ನಾವು ಬರೆದದ್ದಕ್ಕೆ ಮಾತ್ರ ನಡೆಯುತ್ತದೆ.

ಬಹಳ ಜನ ಇಲ್ಲಿಗೆ ನಿಲ್ಲುತ್ತಾರೆ. ಒಂದೇ ಮಾಡ್ಯೂಲ್ ಇರುವ ಯೋಜನೆಗೆ ಇಷ್ಟು ಸಾಕು. ಹಲವು ಮಾಡ್ಯೂಲ್ ಇದ್ದರೆ ಸಾಲದು. ಏಕೆ ಎಂದು ಲೆಕ್ಕ ಹಾಕಿಯೇ ನೋಡೋಣ.

ಒಂದು ಗ್ರಂಥಾಲಯ ತಂತ್ರಾಂಶವಿದೆ ಎಂದುಕೊಳ್ಳಿ. ಅದರಲ್ಲಿ ನಾಲ್ಕು ಮಾಡ್ಯೂಲ್: ಎಲ್ಲರೂ ಬಳಸುವ ‘ಸಾಮಾನ್ಯ’, ಅದರ ಮೇಲೆ ನಿಂತ ‘ದತ್ತಾಂಶ’, ಅದರ ಮೇಲೆ ‘ಸೇವೆ’, ಕೊನೆಗೆ ‘ಜಾಲ’. ಪರೀಕ್ಷೆಗಳೂ ಸೇರಿ ಇವುಗಳ ಬಿಲ್ಡ್‌ಗೆ ಕ್ರಮವಾಗಿ 3, 9, 14, 6 ನಿಮಿಷ ಬೇಕು ಎಂದಿಟ್ಟುಕೊಳ್ಳಿ. ಒಟ್ಟು 32 ನಿಮಿಷ. ಶೈಲಿಯ ತಪಾಸಣೆಗೆ ಪ್ರತಿ ಮಾಡ್ಯೂಲ್‌ಗೆ ಕೆಲವೇ ಸೆಕೆಂಡು.

ಈಗ ‘ಜಾಲ’ ಮಾಡ್ಯೂಲ್‌ನಲ್ಲಿ ಒಬ್ಬ ವಿದ್ಯಾರ್ಥಿನಿ ಬಳಸದ ಒಂದು ಇಂಪೋರ್ಟ್ ಸಾಲನ್ನು ಬಿಟ್ಟಿದ್ದಾಳೆ. ತಪಾಸಣೆ ವೆರಿಫೈ ಹಂತದಲ್ಲಿದ್ದರೆ ಅವಳಿಗೆ ಅದು ತಿಳಿಯುವುದು 32ನೇ ನಿಮಿಷದಲ್ಲಿ. ವ್ಯಾಲಿಡೇಟ್‌ಗೆ ಬದಲಿಸಿದೆವು. ಈಗ ಮೊದಲ ನಿಮಿಷದಲ್ಲೇ ತಿಳಿಯಬೇಕಲ್ಲವೇ? ಇಲ್ಲ. ಅವಳಿಗೆ ತಿಳಿಯುವುದು 26ನೇ ನಿಮಿಷ ದಾಟಿದ ಮೇಲೆ. ಉಳಿದದ್ದು ಬರೀ 6 ನಿಮಿಷ.

ಕಾರಣ ಮೇವನ್ ನಡೆಯುವ ರೀತಿ. ಅದು ಮೊದಲು ಮಾಡ್ಯೂಲ್‌ಗಳನ್ನು ಯಾವುದು ಯಾವುದರ ಮೇಲೆ ನಿಂತಿದೆ ಎಂದು ನೋಡಿ ಸಾಲಾಗಿ ಜೋಡಿಸುತ್ತದೆ. ನಂತರ ಮೊದಲ ಮಾಡ್ಯೂಲ್‌ಗೆ ನೀವು ಕೇಳಿದ ಎಲ್ಲ ಹಂತಗಳನ್ನೂ ಮುಗಿಸಿ, ಆಮೇಲೆ ಎರಡನೆಯದಕ್ಕೆ ಹೋಗುತ್ತದೆ. ಎಲ್ಲ ಮಾಡ್ಯೂಲ್‌ಗಳ ವ್ಯಾಲಿಡೇಟ್ ಮೊದಲು, ಎಲ್ಲವುಗಳ ಕಂಪೈಲ್ ಆಮೇಲೆ ಎಂಬ ಕ್ರಮ ಅದರಲ್ಲಿಲ್ಲ. ನಮ್ಮ ಪರೀಕ್ಷಾ ಕೊಠಡಿಗೆ ಹೋಲಿಸಿದರೆ, ಮೊದಲ ರಿಜಿಸ್ಟರ್ ಸಂಖ್ಯೆಯ ವಿದ್ಯಾರ್ಥಿಯ ಹಾಲ್ ಟಿಕೆಟ್ ನೋಡಿ, ಅವನು ಪೂರ್ತಿ ಪರೀಕ್ಷೆ ಬರೆದು ಹೊರಬಂದ ಮೇಲೆ ಎರಡನೆಯವನ ಹಾಲ್ ಟಿಕೆಟ್ ಕೇಳಿದ ಹಾಗೆ. ಪ್ರತಿಯೊಬ್ಬನಿಗೂ ತಪಾಸಣೆ ‘ಮೊದಲೇ’ ಆಗಿದೆ, ನಿಜ. ಆದರೆ ಸಾಲಿನ ಕೊನೆಯಲ್ಲಿರುವವನಿಗೆ ಅದು ಸಂಜೆ ಹೊತ್ತಿಗೆ.

‘ಎಂವಿಎನ್ ವ್ಯಾಲಿಡೇಟ್ ವೆರಿಫೈ’ ಎಂದು ಎರಡು ಹಂತಗಳನ್ನೂ ಒಂದೇ ಆಜ್ಞೆಯಲ್ಲಿ ಬರೆದರೂ ಇದು ಬದಲಾಗುವುದಿಲ್ಲ. ಎರಡೂ ಮಾಡ್ಯೂಲ್‌ಗೊಂದರಂತೆಯೇ ನಡೆಯುತ್ತವೆ. ಬೇಕಾದದ್ದು ಎರಡು ಪ್ರತ್ಯೇಕ ಓಟ. ಮೊದಲು ‘ಎಂವಿಎನ್ ವ್ಯಾಲಿಡೇಟ್’ ಮಾತ್ರ. ಇದು ನಾಲ್ಕೂ ಮಾಡ್ಯೂಲ್‌ಗಳ ಬಾಗಿಲಲ್ಲಿ ಹಾಲ್ ಟಿಕೆಟ್ ನೋಡಿ ಬರುತ್ತದೆ, ಯಾವುದನ್ನೂ ಕಂಪೈಲ್ ಮಾಡುವುದಿಲ್ಲ. ಅದು ಪಾಸಾದರೆ ಮಾತ್ರ ‘ಎಂವಿಎನ್ ವೆರಿಫೈ’. ಎರಡನೆಯ ಓಟದಲ್ಲಿ ಅದೇ ತಪಾಸಣೆ ಮತ್ತೆ ನಡೆಯುವುದು ಬೇಡವೆಂದರೆ ‘ಚೆಕ್‌ಸ್ಟೈಲ್ ಸ್ಕಿಪ್’ ಎಂಬ ಗುಣವನ್ನು ಆಜ್ಞೆಯ ಜೊತೆ ಕೊಡಬಹುದು. ನಮ್ಮ ವಿದ್ಯಾರ್ಥಿನಿಗೆ ಈಗ ಒಂದು ನಿಮಿಷದೊಳಗೆ ಉತ್ತರ ಸಿಗುತ್ತದೆ.

ಮುಕ್ತ ತಂತ್ರಾಂಶಗಳಲ್ಲಿ ನೀವು ಕಳಿಸಿದ ತಿದ್ದುಪಡಿಯನ್ನು ಸರ್ವರ್ ತಾನಾಗಿಯೇ ಬಿಲ್ಡ್ ಮಾಡಿ ನೋಡುತ್ತದೆ. ಹೊಸಬರಿಗೆ ಅಲ್ಲಿ ಬೀಳುವ ಮೊದಲ ಪೆಟ್ಟು ಹೆಚ್ಚಾಗಿ ತರ್ಕದ ತಪ್ಪಿನಿಂದಲ್ಲ, ಖಾಲಿ ಜಾಗ, ಇಂಪೋರ್ಟ್ ಕ್ರಮದಂಥ ಸಂಗತಿಗಳಿಂದ. ಅದು ಒಂದು ನಿಮಿಷದಲ್ಲಿ ಗೊತ್ತಾದರೆ ಕೂತಲ್ಲೇ ತಿದ್ದಿ ಮತ್ತೆ ಕಳಿಸುತ್ತಾರೆ. ಅರ್ಧ ಗಂಟೆ ಕಾದ ಮೇಲೆ ಗೊತ್ತಾಗಿ, ತಿದ್ದಿ, ಮತ್ತೆ ಅರ್ಧ ಗಂಟೆ ಕಾದು, ಇನ್ನೊಂದು ಮಾಡ್ಯೂಲ್‌ನಲ್ಲಿ ಅಂಥದೇ ತಪ್ಪು ಸಿಕ್ಕರೆ, "ಇದು ನಮ್ಮ ಕೈಯಲ್ಲಾಗದ ಕೆಲಸ" ಎಂದು ಬಿಟ್ಟುಬಿಡುವವರಿದ್ದಾರೆ. ಹಳೆಯ ಲ್ಯಾಪ್‌ಟಾಪಿನಲ್ಲಿ ಕೆಲಸ ಮಾಡುವವರಿಗಂತೂ ಆ ಅರ್ಧ ಗಂಟೆ ಇನ್ನೂ ಉದ್ದವಾಗುತ್ತದೆ. ಬಿಲ್ಡ್‌ನ ಕ್ರಮವನ್ನು ನಿರ್ಧರಿಸುವವರ ಮುಂದೆ ಅವರು ಯಾರೂ ಕೂತಿರುವುದಿಲ್ಲ, ಆದ್ದರಿಂದ ಅವರ ಲೆಕ್ಕ ಸುಲಭವಾಗಿ ಮರೆತುಹೋಗುತ್ತದೆ.

ಪ್ರತ್ಯೇಕ ಓಟ ಮಾಡಲು ಹೊರಟಾಗ ಕಾಲಿಗೆ ತೊಡರುವ ಕೆಲವು ಸಂಗತಿಗಳಿವೆ. ದೊಡ್ಡ ಯೋಜನೆಗಳಲ್ಲಿ ಶೈಲಿಯ ನಿಯಮಗಳ ಕಡತವನ್ನು ಎಲ್ಲ ಮಾಡ್ಯೂಲ್‌ಗಳಿಗೂ ಹಂಚಲು ಅದಕ್ಕೇ ಒಂದು ಪುಟ್ಟ ಮಾಡ್ಯೂಲ್ ಮಾಡುವುದುಂಟು. ಅಪಾಚೆ ಹಡೂಪ್‌ನಲ್ಲಿ ‘ಹಡೂಪ್-ಬಿಲ್ಡ್-ಟೂಲ್ಸ್’ ಎಂಬ ಮಾಡ್ಯೂಲ್ ಹೀಗೆ ನಿಯಮಗಳನ್ನು ಇಟ್ಟುಕೊಂಡಿದೆ. ಚೆಕ್‌ಸ್ಟೈಲ್ ಪ್ಲಗಿನ್ ಆ ಮಾಡ್ಯೂಲನ್ನು ಅವಲಂಬಿಸುವಂತೆ ಬರೆಯುತ್ತಾರೆ. ವ್ಯವಸ್ಥೆ ಚೆನ್ನಾಗಿದೆ, ಆದರೆ ಹೊಸ ಯಂತ್ರದಲ್ಲಿ ಬರೀ ವ್ಯಾಲಿಡೇಟ್ ಓಡಿಸಿದರೆ ನಿಯಮಗಳ ಮಾಡ್ಯೂಲ್ ಇನ್ನೂ ಪೊಟ್ಟಣವೇ ಆಗಿರುವುದಿಲ್ಲ! ಪ್ಲಗಿನ್ ಅದನ್ನು ಹುಡುಕುತ್ತದೆ, ಸಿಗುವುದಿಲ್ಲ, ಬಿಲ್ಡ್ ನಿಲ್ಲುತ್ತದೆ. ಹಿಂದೊಮ್ಮೆ ಇನ್‌ಸ್ಟಾಲ್ ಮಾಡಿದ ಯಂತ್ರದಲ್ಲಿ ಮಾತ್ರ ಸರಿಯಾಗಿ ಓಡುತ್ತದೆ. "ನನ್ನ ಕಂಪ್ಯೂಟರ್‌ನಲ್ಲಿ ಓಡುತ್ತಿದೆಯಲ್ಲ" ಎಂಬ ಹಳೆಯ ವಾದ ಶುರುವಾಗುವುದು ಇಲ್ಲಿಂದಲೇ. ಆ ಒಂದು ಮಾಡ್ಯೂಲನ್ನು ಮೊದಲು ಇನ್‌ಸ್ಟಾಲ್ ಮಾಡಿ ನಂತರ ವ್ಯಾಲಿಡೇಟ್ ಓಡಿಸುವುದು ಒಂದು ದಾರಿ. ನಿಯಮಗಳನ್ನು ಯೋಜನೆಯ ಮೂಲ ಫೋಲ್ಡರ್‌ನಲ್ಲೇ ಸಾದಾ ಕಡತವಾಗಿ ಇಡುವುದು ಇನ್ನೊಂದು. ಫ್ಲಿಂಕ್ ತನ್ನ ‘ಟೂಲ್ಸ್’ ಫೋಲ್ಡರ್‌ನೊಳಗೆ ಹಾಗೆಯೇ ಇಟ್ಟಿದೆ. ನನಗೆ ಎರಡನೆಯದೇ ಹೆಚ್ಚು ಹಿಡಿಸುತ್ತದೆ. ಒಂದು ಕಡತ ಹಂಚಲು ಒಂದು ಮಾಡ್ಯೂಲ್ ಕಟ್ಟುವುದು ಹೆಚ್ಚಿನ ಯೋಜನೆಗಳಿಗೆ ಅತಿಯಾಯಿತು.

ಹಂತದ ಗೊಡವೆಯೇ ಬೇಡವೆಂದು ‘ಚೆಕ್‌ಸ್ಟೈಲ್ ಚೆಕ್’ ಕೆಲಸವನ್ನು ನೇರವಾಗಿ ಆಜ್ಞೆಯಿಂದ ಕರೆಯುವವರೂ ಇದ್ದಾರೆ. ಆಗ ಒಂದು ವಿಚಿತ್ರ ನಡೆಯಬಹುದು: ನಿನ್ನೆಯವರೆಗೆ ಶುದ್ಧವಾಗಿದ್ದ ಕೋಡಿನ ಮೇಲೆ ಒಮ್ಮೆಲೇ ಸಾವಿರಾರು ದೂರುಗಳು. ಪಾಮ್ ಕಡತದಲ್ಲಿ ನಿಯಮಗಳ ವಿಳಾಸವನ್ನು ಹಂತಕ್ಕೆ ಕಟ್ಟಿದ ‘ಎಕ್ಸಿಕ್ಯೂಷನ್’ ಒಳಗೆ ಬರೆದಿದ್ದರೆ, ನೇರವಾಗಿ ಕರೆದಾಗ ಮೇವನ್ ಅದನ್ನು ಓದುವುದಿಲ್ಲ. ಪ್ಲಗಿನ್ ತನ್ನ ಸ್ವಂತ ಪೂರ್ವನಿಗದಿಯಾದ ಸನ್ ನಿಯಮಗಳನ್ನು ಹಿಡಿಯುತ್ತದೆ. ಅವು ಬಹಳ ಕಟ್ಟುನಿಟ್ಟು: 80 ಅಕ್ಷರ ಮೀರಿದ ಸಾಲಿಗೂ ದೂರು, ಟ್ಯಾಬ್ ಬಳಸಿದರೂ ದೂರು. ವಿಳಾಸವನ್ನು ಎಕ್ಸಿಕ್ಯೂಷನ್‌ನ ಹೊರಗೆ, ಇಡೀ ಪ್ಲಗಿನ್‌ಗೆ ಸೇರುವಂತೆ ಬರೆದರೆ ಈ ತೊಂದರೆಯಿಲ್ಲ. ಇದಕ್ಕೆ ತದ್ವಿರುದ್ಧವಾದದ್ದು ಗೂಗಲ್ ನಿಯಮಗಳ ಕತೆ. ಅವು ಎಲ್ಲ ತಪ್ಪನ್ನೂ ‘ಎಚ್ಚರಿಕೆ’ ಎಂಬ ಮಟ್ಟದಲ್ಲಿ ಇಡುತ್ತವೆ, ಪ್ಲಗಿನ್ ನಿಲ್ಲುವುದು ‘ದೋಷ’ದ ಮಟ್ಟಕ್ಕೆ ಮಾತ್ರ. ಮಟ್ಟವನ್ನು ಬದಲಿಸದೆ ಬಿಟ್ಟರೆ ತಪಾಸಣೆ ಎಲ್ಲಕ್ಕಿಂತ ಮೊದಲು ಓಡುತ್ತದೆ, ಪರದೆ ತುಂಬ ಬರೆಯುತ್ತದೆ, ಯಾರನ್ನೂ ತಡೆಯುವುದಿಲ್ಲ.

ಇನ್ನೊಂದು ಸಂಗತಿ. ಮೇವನ್ ಮೊದಲ ತಪ್ಪು ಸಿಕ್ಕಿದ ಮಾಡ್ಯೂಲ್‌ನಲ್ಲೇ ನಿಲ್ಲುತ್ತದೆ. ‘ಫೇಲ್ ಅಟ್ ಎಂಡ್’ ಎಂಬ ಆಯ್ಕೆ ಕೊಟ್ಟರೆ ಮುಂದುವರಿಯುತ್ತದೆ, ಆದರೆ ಸೋತ ಮಾಡ್ಯೂಲ್ ಮೇಲೆ ನಿಂತವುಗಳನ್ನು ಬಿಟ್ಟುಬಿಡುತ್ತದೆ. ‘ಸಾಮಾನ್ಯ’ದಲ್ಲೇ ತಪ್ಪಿದ್ದರೆ ನಮ್ಮ ಉದಾಹರಣೆಯಲ್ಲಿ ಉಳಿದ ಮೂರರ ಸ್ಥಿತಿ ತಿಳಿಯುವುದೇ ಇಲ್ಲ. ಎಲ್ಲ ತಪ್ಪುಗಳ ಪಟ್ಟಿ ಒಂದೇ ಸಲ ಬೇಕೆಂದರೆ, ತಪ್ಪು ಸಿಕ್ಕರೂ ನಿಲ್ಲಬೇಡ ಎಂದು ಪ್ಲಗಿನ್‌ಗೆ ಹೇಳಿ ನಿಮ್ಮ ಯಂತ್ರದಲ್ಲಿ ಒಮ್ಮೆ ಓಡಿಸಿ ಪಟ್ಟಿ ತೆಗೆದುಕೊಳ್ಳಬಹುದು. ಸರ್ವರ್‌ನ ಬಾಗಿಲಲ್ಲಿ ಮಾತ್ರ ‘ನಿಲ್ಲು’ ಎಂಬುದೇ ಇರಬೇಕು.

ಹಳೆಯ ಯೋಜನೆಗೆ ಇದನ್ನೆಲ್ಲ ಹೊಸದಾಗಿ ತರುವಾಗ ಅವಸರ ಬೇಡ. ವರ್ಷಗಟ್ಟಲೆ ಯಾವ ನಿಯಮವೂ ಇಲ್ಲದೆ ಬೆಳೆದ ಕೋಡಿನ ಮೇಲೆ ಒಂದು ಬೆಳಿಗ್ಗೆ ಗೇಟು ಹಾಕಿದರೆ ಎಲ್ಲರ ಕೆಲಸವೂ ನಿಲ್ಲುತ್ತದೆ. ಹಳೆಯ ತಪ್ಪುಗಳನ್ನು ಹೆಸರಿಸಿ ಸದ್ಯಕ್ಕೆ ಬಿಡಲು ಚೆಕ್‌ಸ್ಟೈಲ್‌ನಲ್ಲಿ ‘ಸಪ್ರೆಷನ್’ ಕಡತವಿದೆ. ಹೊಸ ಕೋಡಿಗೆ ನಿಯಮ, ಹಳೆಯದಕ್ಕೆ ಸದ್ಯಕ್ಕೆ ಮಾಫಿ. ಒಂದೊಂದು ಮಾಡ್ಯೂಲ್ ಶುದ್ಧವಾದಂತೆ ಆ ಕಡತದಿಂದ ಒಂದೊಂದು ಸಾಲು ಅಳಿಸುತ್ತ ಹೋಗುವುದು.

ಹಾಗೆಯೇ ಬರೆಯುವವರ ಸ್ವಂತ ಯಂತ್ರದಲ್ಲಿ ತಪಾಸಣೆ ಪ್ರತಿಸಲವೂ ಕಡ್ಡಾಯವಾಗಬೇಕೇ ಎಂಬ ಪ್ರಶ್ನೆಯಿದೆ. ಒಂದು ಉಪಾಯ ಫಲಿಸುತ್ತದೋ ಇಲ್ಲವೋ ಎಂದು ಅರ್ಧ ಬರೆದು ಓಡಿಸಿ ನೋಡುವಾಗ, "ಇಲ್ಲಿ ಒಂದು ಸ್ಪೇಸ್ ಹೆಚ್ಚಾಗಿದೆ" ಎಂದು ಬಿಲ್ಡ್ ನಿಂತರೆ ಯೋಚನೆಯ ಎಳೆ ಕಡಿದುಹೋಗುತ್ತದೆ. ಕರಡು ಕಾಗದದ ಮೇಲೆ ಲೆಕ್ಕ ಮಾಡುವಾಗ ಅಕ್ಷರ ದುಂಡಗಿಲ್ಲ ಎಂದು ಯಾರೂ ತಡೆಯುವುದಿಲ್ಲವಲ್ಲ. ಅಲ್ಲಿ ಸ್ಕಿಪ್ ಆಯ್ಕೆ ಬಳಸುವುದರಲ್ಲಿ ತಪ್ಪೇನೂ ಇಲ್ಲ ಎಂಬುದು ನನ್ನ ಅಭಿಪ್ರಾಯ. ಬೇರೆಯವರಿಗೆ ಕಳಿಸುವ ಮುನ್ನ ಒಮ್ಮೆ, ಸರ್ವರ್‌ನಲ್ಲಿ ಎಲ್ಲಕ್ಕಿಂತ ಮೊದಲು ಒಮ್ಮೆ ಓಡಿದರೆ ಸಾಕು.

ಪೈಥಾನ್ ಕಲಿಯುತ್ತಿರುವವರು ಇದು ನಮಗಲ್ಲ ಎಂದುಕೊಳ್ಳಬೇಡಿ. ಪೈಥಾನ್‌ಗೆ 2001ರಿಂದಲೇ ‘ಪೆಪ್ 8’ ಎಂಬ ಶೈಲಿ ಕೈಪಿಡಿ ಇದೆ. ಒಳಸರಿಸಲು 4 ಸ್ಪೇಸ್, ಸಾಲಿಗೆ ಹೆಚ್ಚೆಂದರೆ 79 ಅಕ್ಷರ ಮುಂತಾದ ಸಲಹೆಗಳು ಅದರಲ್ಲಿವೆ. ಅದನ್ನು ಪರಿಶೀಲಿಸಲು ‘ಪೈಕೋಡ್‌ಸ್ಟೈಲ್’, ‘ಫ್ಲೇಕ್ 8’ ಎಂಬ ಸಾಧನಗಳಿವೆ. ಅವಕ್ಕೂ ಪ್ರೋಗ್ರಾಂ ಓಡಿಸುವ ಅಗತ್ಯವಿಲ್ಲ, ಕಡತ ಓದಿದರೆ ಸಾಕು. ನಿಮ್ಮ ಲ್ಯಾಬ್‌ನ ಒಂದು ಪ್ರೋಗ್ರಾಂ ಮೇಲೆ ಈ ವಾರವೇ ಓಡಿಸಿ ನೋಡಿ.

ಕೊನೆಗೊಂದು ಲೆಕ್ಕ. ಮೇಲಿನ ಗ್ರಂಥಾಲಯ ತಂತ್ರಾಂಶದಲ್ಲಿ ‘ದತ್ತಾಂಶ’ ಮತ್ತು ‘ಸೇವೆ’ ಎರಡರಲ್ಲೂ ಒಂದೊಂದು ಶೈಲಿ ತಪ್ಪಿದೆ. ಬಿಲ್ಡ್ ಮೊದಲ ತಪ್ಪಿಗೇ ನಿಲ್ಲುತ್ತದೆ; ನೀವು ಕಂಡ ತಪ್ಪನ್ನು ತಿದ್ದಿ ಮತ್ತೆ ಮೊದಲಿನಿಂದ ಓಡಿಸುತ್ತೀರಿ. ಬಿಲ್ಡ್ ಪೂರ್ತಿ ಪಾಸಾಗುವವರೆಗೆ ಒಟ್ಟು ಎಷ್ಟು ನಿಮಿಷ ಯಂತ್ರ ಓಡಿತು? ತಪಾಸಣೆ ವೆರಿಫೈನಲ್ಲಿದ್ದಾಗ 70, ವ್ಯಾಲಿಡೇಟ್‌ನಲ್ಲಿದ್ದಾಗ 47 ಬಂದರೆ ನಿಮ್ಮ ದಾರಿ ಸರಿಯಿದೆ. ಪ್ರತ್ಯೇಕ ಓಟಕ್ಕೆ ಪ್ರತಿಸಲ 1 ನಿಮಿಷ ಎಂದು ಹಿಡಿದು ಮೂರನೆಯದನ್ನು ನೀವೇ ಮಾಡಿ, ಲ್ಯಾಬ್‌ನ ಫಲಕದ ಮೇಲೆ ಬರೆದಿಡಿ.